ಹನ್ನೊಂದು ನಿಮಿಷದ ಹಾಡು

ನೂಲಿಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಕೆಲಸಕ್ಕೆ ಅವಳ ಉಗುರೇ ನೀಲಿಯಾಗಿತ್ತು. ಕುದಿಯುವ ತೊಟ್ಟಿಯ ಹಬೆಯಲ್ಲಿ ಗೋಡೆ ಗಡಿಯಾರ ಕಾಣದು, ಒದ್ದೆ ಕೈಗೆ ವಾಚು ಒಗ್ಗದು. ಅದಕ್ಕೆ ಅವಳು ಹಾಡಿನಲ್ಲಿ ಹೊತ್ತು ಅಳೆಯುತ್ತಿದ್ದಳು. ಕೊರಳಿಗೆ ಬೆರಳುದ್ದದ ಹಳೇ ಪ್ಲೇಯರ್. ನೀಲಿಗೆ ಒಂದೇ ಹಾಡು, ಹನ್ನೊಂದು ನಿಮಿಷದ್ದು. ಅದು ಮುಗಿದಾಗ ನೂಲು ಎತ್ತಬೇಕು. ಒಮ್ಮೆಯೂ ತಪ್ಪಿರಲಿಲ್ಲ.

ಅದರ ಬ್ಯಾಟರಿ ಸತ್ತಾಗ ಅಳಿಯ ಹೊಸ ಪ್ಲೇಯರ್ ತಂದುಕೊಟ್ಟ. ಹಳೆಯದಕ್ಕೆ ಹಾಡು ತುಂಬುವುದು ಡಬ್ಬಿಗೆ ಸಕ್ಕರೆ ಸುರಿದಷ್ಟು ಸುಲಭ: ಕಂಪ್ಯೂಟರಿಗೆ ಚುಚ್ಚು, ಫೈಲು ಎಳೆದು ಹಾಕು, ಕಿತ್ತುಕೋ. ಹೊಸದಕ್ಕೆ ಕಂಪನಿಯದೇ ಸಾಫ್ಟ್‌ವೇರ್ ಬೇಕು, ಪಾಸ್‌ವರ್ಡ್ ಬೇಕು, ಮೂರು ಸಲ ಒಪ್ಪಿಗೆ ಬೇಕು.

"ಸಿಂಕ್ ಅಂತ ಒತ್ತಿದ್ರೆ ಹಾಡು ತುಂಬೋದೆಲ್ಲ ಅದೇ ನೋಡ್ಕೊಳ್ಳುತ್ತೆ ಅತ್ತೆ" ಅಂದ.

ಸೋಮವಾರ ನಲವತ್ತು ಕಿಲೋ ನೂಲು ತೊಟ್ಟಿಗೆ ಇಳಿಯಿತು. ಹಾಡು ಯಾಕೋ ಬೇಗ ಮುಗಿದಂತಾಯಿತು. ದನಿ ಅದೇ, ರಾಗ ಅದೇ. 'ವಯಸ್ಸಾಯ್ತು, ಮನಸ್ಸು ಎಲ್ಲೋ ಹೋಗಿತ್ತೇನೋ' ಅಂದುಕೊಂಡು ಎತ್ತಿಬಿಟ್ಟಳು. ಒಣಗಿದ ನೂಲು ಪೇಲವ, ಅಲ್ಲಲ್ಲಿ ಬಿಳಿ ಮಚ್ಚೆ.

"ಏನಕ್ಕಾ, ನೀಲಿಗೂ ನಿಮಗೂ ಮಾತು ಬಿಟ್ಟೋಯ್ತಾ?" ಮೇಸ್ತ್ರಿ ಎಲ್ಲರೆದುರು ನಕ್ಕ. "ನಾಳೆಯಿಂದ ಕಂತೆ ಕಟ್ಟಿ. ತೊಟ್ಟಿ ಬೇರೆಯವರಿಗೆ ಕೊಡ್ತೀನಿ."

ಕಂತೆ ಕಟ್ಟುವುದು ನನ್ನ ಕೆಲಸ. ಮರುದಿನ ಪಕ್ಕದಲ್ಲಿ ಕೂತು, "ನನ್ನ ತಲೆ ಕೆಡ್ತಿದೆಯೇನೇ?" ಅಂದಳು. ದೇವರು ಕೊಟ್ಟ ಅಂಥ ಬುದ್ಧಿಯನ್ನೇ ಅವಳು ಅನುಮಾನಿಸುತ್ತಿದ್ದಳು.

"ಆ ಹಾಡು ಹಾಕಕ್ಕ" ಅಂದೆ. ಇಯರ್‌ಫೋನಿನ ಒಂದೊಂದು ತುದಿ ಕಿವಿಗೆ ಸಿಕ್ಕಿಸಿಕೊಂಡು ಗಡಿಯಾರ ನೋಡುತ್ತ ಕೇಳಿದೆವು. ಏಳು ನಿಮಿಷಕ್ಕೆ ಮುಗಿಯಿತು.

ಸಂಜೆ ಅವಳ ಮನೆಯಲ್ಲಿ ಅಳಿಯ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. "ಅದೇ ಹೆಸರಿನ ಹಾಡು ಕಂಪನಿ ಹತ್ರ ಇತ್ತಂತೆ ಅತ್ತೆ. ಆ ಸಾಫ್ಟ್‌ವೇರೇ ನಿಮ್ದು ತೆಗೆದು ಅವರದ್ದು ಹಾಕಿದೆ. ಶಬ್ದ ಚೆನ್ನಾಗಿರುತ್ತಂತೆ."

"ನನ್ನ ಕೇಳ್ತಾ?"

"ಒಪ್ಪಿಗೆ ಅಂತಿತ್ತು, ಒತ್ತಿದೆ..."

"ಮನೆಗೆ ನುಗ್ಗಿ ನನ್ನ ಕೊಡ ಹೊತ್ಕೊಂಡು ಹೋಗಿ, ಇದು ಹೊಳೆಯುತ್ತೆ ಅಂತ ಚೊಂಬು ಇಟ್ಟು ಹೋದ್ರೆ ಏನಂತೀಯ? ಉಪಕಾರ ಅಂತೀಯಾ? ನಾಲ್ಕು ನಿಮಿಷ ಕದ್ದು ನನ್ನ ಮರ್ಯಾದೆ ತೆಗೆದ್ರಲ್ಲೋ!"

ಅಳಿಯ ಹಳೇ ಪ್ಲೇಯರನ್ನು ಕಂಪ್ಯೂಟರಿಗೆ ಚುಚ್ಚಿದ. ಹನ್ನೊಂದು ನಿಮಿಷವೂ ಅದರಲ್ಲಿ ಹಾಗೇ ಇತ್ತು. ರಸ್ತೆ ಬದಿಯಿಂದ ಅಗ್ಗದ ಪ್ಲೇಯರ್ ಕೊಂಡು ತಂದು ಫೈಲನ್ನು ಅದಕ್ಕೆ ಎಳೆದು ಹಾಕಿಕೊಟ್ಟ.

ಬೆಳಿಗ್ಗೆ ಯಾರನ್ನೂ ಕೇಳದೆ ಅವಳು ನೇರ ತೊಟ್ಟಿಗೆ ನಡೆದಳು. ಮೇಸ್ತ್ರಿಯ ಕಿವಿಗೆ ಒಂದು ತುದಿ ಸಿಕ್ಕಿಸಿ, "ಹಾಡು ಮುಗಿಯೋವರೆಗೂ ನಿಲ್ಲು" ಅಂದಳು. ಹಬೆಯಲ್ಲಿ ಬೆವರು ಸುರಿಸುತ್ತ ನಿಂತ. ಎತ್ತಿದ ನೂಲು ಅಂಚಿನಿಂದ ಅಂಚಿಗೆ ಒಂದೇ ನೀಲಿ.

"ಆಯ್ತಕ್ಕ, ತೊಟ್ಟಿ ನಿಮ್ದೇ" ಅಂತ ಹಲ್ಲು ಕಿರಿದ.

"ನನ್ನದಲ್ಲ ಅಂತ ನೀನು ಎಲ್ಲರೆದುರು ಹೇಳಿದ್ದು. ಎಲ್ಲರನ್ನೂ ಕರಿ. ಆಮೇಲೆ ಹೇಳು."