ಗಡಿಗೆ ಬನ್ನಿ

ಕಳೆದ ಭಾನುವಾರ ಬೆಳಿಗ್ಗೆ ಏಳು ಹೆಂಗಸರು ಏಳು ಗಡಿಗೆ ಹೊತ್ತುಕೊಂಡು ಡೆಮಾಕ್ರಸಿಗೆ ಬಂದರು. ತಪ್ಪು ನನ್ನದು.

ಇನ್ನೊಬ್ಬರ ತಪ್ಪು ಎತ್ತಿ ಆಡುವುದೇ ಈ ಅಂಕಣದ ಕಸುಬು ಎಂದು ನಿಮಗೆ ಗೊತ್ತು. ಈ ವಾರ ಒಂದು ಬದಲಾವಣೆ ಇರಲಿ.

ನಮ್ಮ ಮನೆಗೆ ಮೀನು ತರುವ ದೇವಮ್ಮ ಧಾರೇಶ್ವರದಾಚೆ ಸಮುದ್ರದ ದಂಡೆಯವಳು. ಅಲ್ಲೊಂದು ಸಣ್ಣ ಹೊಳೆ ಸಮುದ್ರ ಸೇರುತ್ತದೆ. ಹೊಳೆ ಸಮುದ್ರಕ್ಕೆ ಬೀಳುವ ಜಾಗಕ್ಕೆ ನಮ್ಮಲ್ಲಿ ಅಳಿವೆ ಅನ್ನುತ್ತಾರೆ. ಅಳಿವೆಯ ತೆಂಕಿಗೊಂದು ಊರು, ಬಡಗಿಗೊಂದು ಊರು. (ಹೆಸರು ಹೇಳುವುದಿಲ್ಲ. ಎರಡರಲ್ಲೂ ನನಗೆ ಬೀಗರಿದ್ದಾರೆ.) ಅಳಿವೆಯಿಂದ ತೆಂಕಿನ ಮರಳೆಲ್ಲ ತೆಂಕಿನ ಊರಿನದು, ಬಡಗಿನದೆಲ್ಲ ಬಡಗಿನ ಊರಿನದು ಎಂದು ಹಳೆಯ ಕಾಗದ ಹೇಳುತ್ತದೆ. ಬರೆದವರು ಘಟ್ಟದ ಬುಡದ ಕತಗಾಲದ ಕಡೆಯವರೇ ಇರಬೇಕು. ಸಮುದ್ರ ನೋಡಿದವರು ಹಾಗೆ ಬರೆಯುವುದಿಲ್ಲ.

ಯಾಕೆಂದರೆ ಅಳಿವೆ ಒಂದು ಕಡೆ ಕೂತುಕೊಳ್ಳುವ ಜಾತಿಯದ್ದಲ್ಲ. ಹೋದ ಮಳೆಗಾಲದಲ್ಲಿ ಹೊಳೆ ಹಳೆಯ ಬಾಯಿ ಬಿಟ್ಟು, ತೆಂಕಿಗೆ ಸರಿದು, ಹೊಸದಾಗಿ ಮರಳು ಕೊರೆದುಕೊಂಡು ಸಮುದ್ರಕ್ಕೆ ಹೋಯಿತು. ನಡುವಿನ ಮರಳ ಮೇಲೆ ದೇವಮ್ಮನದೂ ಸೇರಿ ಏಳು ಮನೆ. ತೆಂಕಿನ ಊರಿನವರಾಗಿ ಮಲಗಿದವರು ಬಡಗಿನ ಊರಿನವರಾಗಿ ಎದ್ದರು. ಮನೆಗಳು ಇದ್ದಲ್ಲೇ ಇದ್ದವು.

ಆ ಮರಳಿನ ಜಗಳ ಹೊಸದಲ್ಲ. ರಂಪಣಿ ಬಲೆ ಎಳೆದು ಮೀನು ದಡಕ್ಕೆ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ಇಲ್ಲ. ಅಳಿವೆ ಸರಿದಾಗಲೆಲ್ಲ ಎರಡೂ ಊರಿನವರು ದೊಣ್ಣೆ ಹಿಡಿದು ಬರುತ್ತಾರೆ. ಹೊನ್ನಾವರದಲ್ಲಿ ಅಪ್ಪ ವಕೀಲರು ನಡೆಸಿದ ಕೇಸನ್ನು ಈಗ ಮಗ ವಕೀಲರು ನಡೆಸುತ್ತಿದ್ದಾರೆ.

ಈ ಸಲ ಹೊಸದಾಗಿ ಬಂದದ್ದು ರೇಷನ್ನು. ತೆಂಕಿನ ಊರಿನ ಅಂಗಡಿಯವನು, “ನೀವೀಗ ಹೊಳೆಯಾಚೆಯವರು” ಎಂದು ಏಳೂ ಮನೆಯ ಹೆಸರಿನ ಮೇಲೆ ಗೀಟು ಹಾಕಿದ. ಬಡಗಿನವನು, “ನಿಮ್ಮ ಹೆಸರು ನನ್ನ ಪುಸ್ತಕದಲ್ಲಿಲ್ಲ” ಅಂದ. ತಿಂಗಳಾಯಿತು, ಏಳು ಮನೆಗೆ ಅಕ್ಕಿಯಿಲ್ಲ.

“ಮೀನು ಬೇಯ್ಸೂದು, ಗೆಣಸು ಬೇಯ್ಸೂದು. ಮೊಮ್ಮಗಳು ಗಂಜಿ ಗಂಜಿ ಅಂತದೆ. ಎಲ್ಲಿಂದ ತರೂದು?” ಎಂದು ದೇವಮ್ಮ ನಮ್ಮ ಜಗಲಿಯಲ್ಲಿ ಕೂತು ಹೇಳಿದಳು. ನನ್ನಾಕೆ ಒಳಗಿಂದ ಅಕ್ಕಿ ತಂದು ಅವಳ ಸೆರಗಿಗೆ ಹಾಕಿದಳು. ಏಳು ಮನೆಗೆ ಹಾಗೆ ಎಷ್ಟು ದಿನ ಹಾಕಬಹುದು?

ಅದೇ ವಾರ ಕುಮಟೆಗೆ ಅಮೆರಿಕದ ಪ್ರೊಫೆಸರರೊಬ್ಬರು ಬಂದರು. ಊರೂರಿಗೆ ಹೋಗಿ ಡೆಮಾಕ್ರಸಿಯ ಮೇಲೆ ಭಾಷಣ ಮಾಡುವುದು ಅವರ ಕೆಲಸ. ಯುದ್ಧದಲ್ಲಿ ಸೋತ ದೇಶಗಳಿಗೆ ಕಲಿಸುವುದು ನಡೆದಿದೆಯಂತೆ. ಈಗ ಸ್ವಾತಂತ್ರ್ಯ ಬಂದ ನಮ್ಮ ಸರದಿ. ನಮ್ಮ ಹೈಸ್ಕೂಲಿನಲ್ಲಿ ಭಾಷಣ. ಇಂಗ್ಲಿಷ್ ಮಾಸ್ತರನಾದ್ದರಿಂದ ಅದನ್ನು ಕನ್ನಡಕ್ಕೆ ತಿರುಗಿಸುವ ಪಾಡು ನನ್ನದು.

ಒಳ್ಳೆಯ ಮನುಷ್ಯ. ಬೆವರು ಒರೆಸಿಕೊಳ್ಳುತ್ತ ಮನಸಾರೆ ಮಾತಾಡಿದರು. ಕೊನೆಗೆ ನಮ್ಮ ಗಣಿತದ ಮಾಸ್ತರರು ಎದ್ದು, “ನಿಮ್ಮ ದೇಶದ ತೆಂಕಿನ ಸೀಮೆಯಲ್ಲಿ ಕರಿಯ ಜನರಿಗೂ ಓಟು ಉಂಟೋ?” ಎಂದು ಕೇಳಿದರು. ಪ್ರೊಫೆಸರರು ಒಂದು ಗ್ಲಾಸು ನೀರು ಕುಡಿದು, ಅದು ಬಹಳ ಕಾಲದಿಂದ ನಡೆದುಬಂದ ತೊಡಕಿನ ಪ್ರಶ್ನೆ ಅಂದರು. ಪ್ರಾಮಾಣಿಕರು.

ಸಭೆ ತಣ್ಣಗಾಯಿತು. ಬಿಸಿ ಮಾಡಲು ನಾನು ಅಳಿವೆಯ ಕತೆ ಎತ್ತಿದೆ. (ನನ್ನ ಇಂಗ್ಲಿಷ್ ನಾಲ್ಕು ಜನ ಕೇಳಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ?) ಅವರ ಮುಖ ಅರಳಿತು. “ಇಷ್ಟೇ ತಾನೆ? ಅಲ್ಲಿಯ ಜನರನ್ನೇ ಕೇಳಿ. ಯಾವ ಊರು ಬೇಕು ಎಂದು ಅವರೇ ಓಟು ಹಾಕಲಿ. ಭಾನುವಾರ ನಾನೂ ಬರುತ್ತೇನೆ.” ಎರಡೂ ಊರಿನ ಪಟೇಲರು ಅಲ್ಲೇ ಇದ್ದರು. ಬಿಳಿಯ ಸಾಹೇಬರೆದುರು ಇಲ್ಲ ಅನ್ನಲು ಇಬ್ಬರಿಗೂ ನಾಲಿಗೆ ಬರಲಿಲ್ಲ. ಸಾಹೇಬರ ಆಳ್ವಿಕೆ ಹೋಗಿ ವರ್ಷ ದಾಟಿದೆ; ಅಭ್ಯಾಸ ಹೋಗಿಲ್ಲ.

ಡೋಲು ಬಡಿದು ಸಾರುವವನಿಗೆ ನಾನೇ ಬರೆದುಕೊಟ್ಟೆ: “ಭಾನುವಾರ ಬೆಳಿಗ್ಗೆ ಏಳೂ ಮನೆಯವರು ಗಡಿಗೆ ಬರಬೇಕು. ಅಕ್ಕಿ ಕಾರ್ಡಿನ ವಿಚಾರ ತೀರ್ಮಾನವಾಗುವುದು.”

ಗಡಿ. ಎಷ್ಟು ಸಲೀಸಾಗಿ ಬರೆದೆ ನೋಡಿ. ಕರ್ನಾಟಕ ಪ್ರಾಂತ ಆಗಬೇಕು, ಮುಂಬಯಿಯ ಸಹವಾಸ ಸಾಕು, ಗಡಿಯಲ್ಲಿ ಒಂದಿಂಚೂ ಬಿಡೆವು ಎಂದು ವಾರವಾರ ಇಲ್ಲಿ ಬರೆದು ಬರೆದು ನನ್ನ ಕೈಗೆ ಆ ಮಾತು ಅಂಟಿಬಿಟ್ಟಿದೆ. (ಮನೆಯಲ್ಲಿ ನಾನು ಆಡುವುದು ಕೊಂಕಣಿ. ಅದಕ್ಕೇ ಕರ್ನಾಟಕ ಬೇಕೆನ್ನುವವರು, ಮುಂಬಯಿಯೇ ಇರಲಿ ಎನ್ನುವವರು, ಎರಡೂ ಪಕ್ಷದವರು ನನಗೆ ಬುದ್ಧಿ ಹೇಳಿ ಕಾಗದ ಬರೆಯುತ್ತಾರೆ.) ಆ ದಂಡೆಯ ಜನ ಗಡಿ ಅನ್ನುವುದಿಲ್ಲ, ಮೇರೆ ಅನ್ನುತ್ತಾರೆ. ಗಡಿ ಪೇಪರಿನವರ ಮಾತು. ಅವರಿಗೆ ಕೇಳಿದ್ದು ಎರಡೇ: ಗಡಿಗೆ, ಅಕ್ಕಿ.

ಹಾಗಾಗಿ ಅಕ್ಕಿ ತುಂಬಿಸಿಕೊಳ್ಳಲು ಮನೆಗೊಂದು ಗಡಿಗೆ ಬಂತು, ಹಿಂದಿನಿಂದ ಗಂಡಸರೂ ಬಂದರು. ಗಡಿಗೆ ತೊಳೆದು, ಬಿಸಿಲಿಗೆ ಒಣಗಿಸಿ ತಂದಿದ್ದರು. ಪ್ರೊಫೆಸರರಿಗೆ ಹಿಗ್ಗೋ ಹಿಗ್ಗು. “ನೋಡಿ, ಬ್ಯಾಲಟ್ ಬಾಕ್ಸ್ ತಾವೇ ತಂದಿದ್ದಾರೆ!” ಅಂದರು. ನನಗೆ ನಾಚಿಕೆಯಾಗಿತ್ತು. ಹೆಂಗಸರಿಗೆ ವಿಷಯ ತಿಳಿಸಿದಾಗ ಯಾರೂ ಬೈಯಲಿಲ್ಲ. ಅದು ಇನ್ನೂ ಕಷ್ಟ.

ಎರಡು ಗಡಿಗೆ ಆರಿಸಿದೆವು. ಒಂದು ತೆಂಕು, ಒಂದು ಬಡಗು. ದೊಡ್ಡವರಿಗೆ ಓಟಿನ ಚೀಟಿಯ ಬದಲು ತಲೆಗೊಂದು ಸಮುದ್ರದ ಚಿಪ್ಪು. ಹೆಂಗಸರೂ ಹಾಕಬೇಕೋ ಎಂದು ತೆಂಕಿನ ಪಟೇಲರು ಗೊಣಗಿದರು. ಹಾಕಲೇಬೇಕು ಎಂದರು ಪ್ರೊಫೆಸರರು. ಆ ಒಂದು ಮಾತಿಗೆ ಅವರಿಗೆ ನನ್ನ ನಮಸ್ಕಾರ.

ಮೊದಲ ಪಾಳಿ ದೇವಮ್ಮನದು. ಚಿಪ್ಪು ಕೈಯಲ್ಲಿ ಹಿಡಿದು ನಿಂತಳು.

“ಮಾಸ್ತರೇ, ಯಾವ್ದಕ್ಕೆ ಹಾಕಿದ್ರೆ ಅಕ್ಕಿ ಸಿಗ್ತದೆ?”

ತಿರುಗಿಸಿ ಹೇಳಿದೆ. ಪ್ರೊಫೆಸರರು, ಅದು ಆಡಳಿತದ ವಿಷಯ, ಇವತ್ತಿನದಕ್ಕೆ ಸಂಬಂಧವಿಲ್ಲ ಅಂದರು.

“ಅದು ಕಚೇರಿ ಸಂಗತಿಯಂತೆ, ದೇವಮ್ಮ.”

“ಹಾಗಾರೆ ಇದು ಎಂತ ಸಂಗತಿ?”

ಅದನ್ನೂ ತಿರುಗಿಸಿದೆ. ಅವರು ನೋಟ್ ಪುಸ್ತಕ ತೆಗೆದು ಬರೆದುಕೊಂಡರು.

ದೇವಮ್ಮ ಚಿಪ್ಪನ್ನು ಬಡಗಿನ ಗಡಿಗೆಗೆ ಹಾಕಿದಳು. ಬಡಗಿನ ಅಂಗಡಿಗೆ ನಡೆದು ಹೋಗಬಹುದು, ತೆಂಕಿನದಕ್ಕೆ ಈಗ ದೋಣಿ ಬೇಕು. ಅಷ್ಟೇ ಲೆಕ್ಕಾಚಾರ. ಉಳಿದವರೂ ಅಲ್ಲಿಗೇ ಹಾಕಿದರು. ತೆಂಕಿನ ಗಡಿಗೆ ಖಾಲಿ. ಪ್ರೊಫೆಸರರು ಎಲ್ಲರ ಕೈ ಕುಲುಕಿ, ಇಷ್ಟು ಒಮ್ಮತ ನಾನೆಲ್ಲೂ ಕಂಡಿಲ್ಲ ಎಂದು ಹೇಳಿ ಭಟ್ಕಳದ ಬಸ್ಸು ಹತ್ತಿದರು. ತೆಂಕಿನ ಪಟೇಲರು ಹೊನ್ನಾವರದ ಬಸ್ಸು ಹತ್ತಿದರು, ವಕೀಲರ ಮನೆಗೆ.

ಸೋಮವಾರ ಬೆಳಗಾಗುವಷ್ಟರಲ್ಲಿ ಬಡಗಿನ ಊರಿನವರ ರಂಪಣಿ ಆ ಮರಳಿನ ಮೇಲಿತ್ತು. ಯಾವ ಕಚೇರಿಯ ಅಪ್ಪಣೆಗೂ ಅವರು ಕಾಯಲಿಲ್ಲ.

ಬುಧವಾರ ನಾನೂ ದೇವಮ್ಮನೂ ಬಡಗಿನ ಪಟೇಲರ ಮನೆಗೆ ಹೋದೆವು. ಏಳು ಮನೆಯವರು ನಮ್ಮ ಊರಿನವರು ಎಂದು ಎರಡು ಸಾಲು ಬರೆದುಕೊಟ್ಟರೆ ಅಂಗಡಿಯವನು ಹೆಸರು ಹಚ್ಚಿಕೊಳ್ಳುತ್ತಾನೆ. ಪಟೇಲರು ನನಗೆ ಆಸರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂಡಿಸಿದರು. ದೇವಮ್ಮ ಅಂಗಳದಲ್ಲಿ ನಿಂತಿದ್ದಳು.

“ಅದು ಹೇಗಾಗ್ತದೆ ಮಾಸ್ತರೇ? ನಮ್ಮೂರಿಗೆ ಬರೂ ಅಕ್ಕಿ ನಮಗೇ ಸಾಲೂದಿಲ್ಲ. ಏಳು ಮನೆ ಹೆಚ್ಚು ಹಚ್ಚಿದ್ರೆ ನಮ್ಮವ್ರು ಸುಮ್ನಿರ್ತಾರಾ?”

“ಮೊನ್ನೆ ನಿಮ್ಮ ಊರಿಗೇ ಓಟು ಹಾಕಿದಾರಲ್ಲ?”

“ಹಾಕಿದ್ರು. ಅದಕ್ಕೇ ಮರಳು ನಮ್ದಾತು. ಮನೆ ಮಾತು ಯಾರು ಆಡಿದ್ರು?”

ನಾನು ಎಷ್ಟೋ ವಾದ ಮಾಡಿದೆ. ಪಟೇಲರು ಸಿಟ್ಟಾಗಲಿಲ್ಲ. ಇನ್ನೊಂದು ಲೋಟ ಆಸರಿ ಬೇಕೋ ಎಂದು ಕೇಳಿದರು, ಅಷ್ಟೇ. ದೇವಮ್ಮ ಆಗಲೇ ಬೇಲಿಯ ದಣಪೆ ದಾಟಿ ರಸ್ತೆಗೆ ಇಳಿದಿದ್ದಳು.

ಪ್ರಾಂತದ ನಕ್ಷೆ ಬರೆಯುವ ದೊಡ್ಡವರು, ಅವರಿಗೆ ಪ್ರಜಾಪ್ರಭುತ್ವ ಕಲಿಸುವ ಇನ್ನೂ ದೊಡ್ಡವರು, ಒಂದಿಂಚಿನ ಮೇಲೆ ಅಂಕಣ ಬರೆಯುವ ನನ್ನಂಥವರು, ಯಾರಾದರೂ ಒಬ್ಬರು ಹೇಳಿ: ಓಟು ಹಾಕಲಿಕ್ಕೆ ಊರಿನವಳಾದ ದೇವಮ್ಮ ಅಕ್ಕಿ ಕೇಳಲಿಕ್ಕೆ ಯಾವ ಊರಿನವಳು?