ಕೈಪುಟ್ಟನ ‘ಒಂದು ಜಾಸ್ತಿ’

ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ‘ಪುಟ್ಟರಾಜು ಮೇಷ್ಟ್ರ ಮನೆಗೆ ಹೋಗಬೇಕು’ ಎಂದರೆ ಆಟೊದವರು ತಲೆ ಕೆರೆದುಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ಪುಟ್ಟರಾಜುಗಳಿಗೂ ಬರವಿಲ್ಲ, ಮೇಷ್ಟ್ರುಗಳಿಗೂ ಬರವಿಲ್ಲ. ‘ಕೈಪುಟ್ಟ’ ಎಂದರೆ ಮಾತ್ರ, “ಮೊದ್ಲೇ ಅಂಗನ್ಬಾರ್ದಾ ಸಾ, ಕುಂತ್ಕಳಿ” ಎಂದು ದಂಡಿಗನಹಳ್ಳಿ ಕಡೆಗೆ ಗಾಡಿ ತಿರುಗಿಸುತ್ತಾರೆ. ಹೊಸಬರು ಆ ಹೆಸರು ಕೇಳಿ ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುವುದುಂಟು. ಅಂಥದ್ದೇನಿಲ್ಲ. ಅರವತ್ತೆರಡು ವರ್ಷದ ಈ ಮನುಷ್ಯ ಯಾರ ಜೇಬಿಗೂ ಕೈ ಹಾಕಿದವರಲ್ಲ. ಅವರ ಕೈ ತಪ್ಪು ಮಾಡಿದ್ದು ಒಂದೇ ಸಲ, ಅದೂ ನಲವತ್ತು ವರ್ಷದ ಹಿಂದೆ, ಹಾಸನದ ಮೈದಾನದಲ್ಲಿ, ಎರಡು ಸಾವಿರ ಜನರ ಮುಂದೆ.

ಅವತ್ತು ಜಿಲ್ಲಾ ಫುಟ್‌ಬಾಲಿನ ಫೈನಲ್. ಚನ್ನರಾಯಪಟ್ಟಣಕ್ಕೂ ಅರಕಲಗೂಡಿಗೂ. ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟಕ್ಕೆ ಸೈಕಲ್ ಸ್ಟ್ಯಾಂಡ್ ಹಾಕದ ಜನ ಅವತ್ತು ಲಾರಿ ಮಾಡಿಕೊಂಡು ಬಂದಿದ್ದರು. ಕೊನೆಯ ಎರಡು ನಿಮಿಷ. ಎರಡೂ ಕಡೆ ಗೋಲಿಲ್ಲ. ಅರಕಲಗೂಡಿನವರಿಗೆ ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ತೇಲಿಕೊಂಡು ಬಂತು. ಗೋಲಿನ ಮುಂದೆ ಕಾವಲಿದ್ದ ಪುಟ್ಟರಾಜು ಮತ್ತು ಅವರ ಜೀವದ ಗೆಳೆಯ ರವೀಂದ್ರ ಇಬ್ಬರೂ ಒಟ್ಟಿಗೇ ಹಾರಿದರು. ಪುಟ್ಟರಾಜುವಿಗೆ ತಲೆಯಿಂದ ಚೆಂಡು ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳುವ ಚಾಳಿ. ಅವರು ಕಣ್ಣು ಬಿಡುವಷ್ಟರಲ್ಲಿ ಸೀಟಿ ಮೊಳಗಿತ್ತು. ರೆಫ್ರಿ ಓಡಿಬಂದು, “ಯಾರ್ದಯ್ಯಾ ಕೈ ಅದು?” ಎಂದರು.

ಪುಟ್ಟರಾಜುವಿಗೆ ಮಣಿಕಟ್ಟಿನ ಹತ್ತಿರ ಏನೋ ತಗುಲಿದಂತಿತ್ತು. ತರಗತಿಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ ಕೈ ಎತ್ತಿ, “ನಂದೇ ಇರ್ಬೇಕು ಸಾ” ಎಂದುಬಿಟ್ಟರು.

ಪೆನಾಲ್ಟಿ. ಗೋಲು. ಸೋಲು. ಲಾರಿ ಹತ್ತುವಾಗಲೇ ಯಾರೋ, “ಪುಟ್ರಾಜ ಕೈ ಕೊಟ್ಬುಟ್ಟ ಕಣ್ರಲಾ” ಎಂದರು. ಕನ್ನಡದಲ್ಲಿ ನಂಬಿಸಿ ಮೋಸ ಮಾಡುವುದಕ್ಕೂ ಅದೇ ಮಾತು, ಚೆಂಡಿಗೆ ಕೈ ಕೊಡುವುದಕ್ಕೂ ಅದೇ ಮಾತು. ಇಷ್ಟು ಸಲೀಸಾಗಿ ಎರಡು ಏಟು ಹೊಡೆಯುವ ಮಾತು ಸಿಕ್ಕಮೇಲೆ ಜನ ಬಿಡುತ್ತಾರೆಯೇ? ಲಾರಿ ಊರು ಮುಟ್ಟುವ ಹೊತ್ತಿಗೆ ‘ಕೈಪುಟ್ಟ’ ನಾಮಕರಣ ಮುಗಿದಿತ್ತು.

ಅವತ್ತೇ ಬೆಂಗಳೂರಿನ ಒಂದು ಇಲಾಖೆಯ ತಂಡದವರು ಒಬ್ಬ ಒಳ್ಳೆಯ ಡಿಫೆಂಡರನ್ನು ಆರಿಸಿಕೊಳ್ಳಲು ಬಂದು ಕೂತಿದ್ದರು. ಅವರು ರವೀಂದ್ರನನ್ನು ಆರಿಸಿಕೊಂಡು ಇಲಾಖೆಯಲ್ಲೇ ಕೆಲಸ ಕೊಟ್ಟರು. ಕೈ ಎತ್ತಿದವನನ್ನು ಯಾರು ಕರೆದೊಯ್ಯುತ್ತಾರೆ? ಪುಟ್ಟರಾಜು ತಾಲ್ಲೂಕು ತಂಡಕ್ಕೆ ಮೊಣಕಾಲು ಸವೆಯುವವರೆಗೂ ಆಡಿ, ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಹೊಳೆನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾದರು.

ಅಲ್ಲಿ ಮೂವತ್ತನಾಲ್ಕು ವರ್ಷ, ಪ್ರತಿ ಜೂನ್ ತಿಂಗಳ ಮೊದಲ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ, ಮೇಷ್ಟ್ರು ಹೊಸ ಮಕ್ಕಳಿಗೆ ಈ ಕಥೆಯನ್ನೇ ಹೇಳುತ್ತಿದ್ದರು. “ಯಾರ ಕೈ ಅಂತ ರೆಫ್ರಿಗೆ ಕಾಣಿಸಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಆದರೂ ನನ್ನ ತಪ್ಪನ್ನು ನಾನೇ ಒಪ್ಪಿಕೊಂಡೆ. ಕೆಲಸ ಹೋಯ್ತು, ಹೆಸರು ಹೋಯ್ತು, ಆದರೆ ಕನ್ನಡಿ ನೋಡಿಕೊಳ್ಳೋಕೆ ನಾಚಿಕೆ ಇಲ್ಲ.” ಕೆಲಸಕ್ಕೆ ಬಾರದ ಕಥೆಗಳನ್ನು ಕೇಳಿ ಕೇಳಿ ಪಳಗಿದ ಮಕ್ಕಳೂ ಇದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರಿಗೆ ಬದುಕಿನಲ್ಲಿ ದಕ್ಕಿದ ಬಹುಮಾನದ ಕಪ್ ಎಂದರೆ ಅದೊಂದೇ.

ನಿವೃತ್ತಿಯ ದಿನ ಅದೇ ಕಥೆಯನ್ನು ಕೊನೆಯ ಸಲ ಹೇಳಿದರು. ಮುಖ್ಯ ಅತಿಥಿಯಾಗಿ ಕೂತಿದ್ದವರು ರವೀಂದ್ರ. ಆಗ ಬೆಂಗಳೂರಿನಲ್ಲಿ ಇಲಾಖೆಯ ದೊಡ್ಡ ಅಧಿಕಾರಿ. ಕಥೆ ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದೂ, ಕರ್ಚೀಫಿನಿಂದ ಕಣ್ಣೊರೆಸಿಕೊಂಡದ್ದೂ ಅವರೇ. ಆಮೇಲೆ ಕಾರಿನಿಂದ ಒಂದು ಉದ್ದನೆಯ ಚೀಲ ತರಿಸಿ ಗೆಳೆಯನ ಕೈಗಿಟ್ಟರು. ಒಳಗೆ ಯಾರೋ ದೊಡ್ಡ ಸಾಹೇಬರು ಬಿಟ್ಟುಹೋದ ಒಂಬತ್ತು ಗಾಲ್ಫ್ ಕೋಲುಗಳು.

ದಂಡಿಗನಹಳ್ಳಿಯಲ್ಲಿ ಗಾಲ್ಫ್! ಮೊದಲ ವಾರ ಮೇಷ್ಟ್ರು ಮನೆ ಹಿಂದೆ ಕೋಲು ಬೀಸುವುದನ್ನು ಕಂಡ ಅಕ್ಕಪಕ್ಕದವರು ಹಾವು ಹೊಡೆಯುತ್ತಿದ್ದಾರೆಂದು ದೊಣ್ಣೆ ಹಿಡಿದು ಓಡಿಬಂದರು. ಹೆಂಡತಿ ಅನಸೂಯಮ್ಮ, “ಏನೂ ಇಲ್ಲ, ಓಗ್ರಪ್ಪ. ಇವ್ರಿಗೆ ಪೆನ್ಶನ್ ಶುರುವಾಗದೆ” ಎಂದು ಸಮಾಧಾನ ಹೇಳಿ ಕಳಿಸಿದರು. ಮೇಷ್ಟ್ರು ಬಿಡಲಿಲ್ಲ. ಊರ ಗೋಮಾಳದಲ್ಲಿ ಐದು ಗುಳಿ ತೋಡಿ, ಒಂದೊಂದರಲ್ಲೂ ಹಾಲಿನ ಪುಡಿಯ ಡಬ್ಬ ಹೂತರು. ನೀಲಗಿರಿ ಕಡ್ಡಿಗೆ ಅನಸೂಯಮ್ಮನ ಹಳೆಯ ಕೇಸರಿ ಸೀರೆಯ ಬಾವುಟ ಕಟ್ಟಿದರು. ಅನಸೂಯಮ್ಮನ ಪ್ರಕಾರ ಅದು ಅಷ್ಟೇನೂ ಹಳೆಯದಾಗಿರಲಿಲ್ಲ. ದನ ಮೇಯುವ ಜಾಗವಾದ್ದರಿಂದ ಸ್ಥಳೀಯ ಕಾನೂನೂ ಬೇಕಾಯಿತು: ಸಗಣಿಯ ಮೇಲೆ ಕೂತ ಚೆಂಡನ್ನು ಎತ್ತಿ, ಒರೆಸಿ, ಪಕ್ಕಕ್ಕಿಡಬಹುದು. ದಂಡವಿಲ್ಲ.

ಗಾಲ್ಫಿನಲ್ಲಿ ಮೇಷ್ಟ್ರನ್ನು ಹುಚ್ಚು ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಈ ಆಟದಲ್ಲಿ ನಿಮ್ಮ ಹಿಂದೆ ಸೀಟಿ ಹಿಡಿದು ಓಡುವವರು ಯಾರೂ ಇಲ್ಲ. ನಿಮ್ಮ ಹೊಡೆತ ನೀವೇ ಎಣಿಸಬೇಕು; ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಬೀಳಿಸಿದವರು ಗೆದ್ದಂತೆ. ಹುಲ್ಲಿನಲ್ಲಿ ಕಾಲು ತಾಗಿ ಚೆಂಡು ಒಂದು ಬೆರಳಷ್ಟು ಜರುಗಿದರೂ, ನೋಡಿದವರು ಇರಲಿ ಬಿಡಲಿ, ನೀವೇ ಹೇಳಿ ಒಂದು ಹೊಡೆತ ಹೆಚ್ಚಿಗೆ ಹಾಕಿಕೊಳ್ಳಬೇಕು. ತಮ್ಮಂಥವರಿಗಾಗಿಯೇ ಯಾರೋ ಒಂದು ಆಟ ಮಾಡಿಟ್ಟಿದ್ದಾರೆ, ಅರವತ್ತು ವರ್ಷ ಅದು ತಮಗಾಗಿ ಕಾದಿದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಚೆಂಡು ಜರುಗಿದಾಗಲೆಲ್ಲ ಇಡೀ ಗೋಮಾಳಕ್ಕೆ ಕೇಳುವಂತೆ “ಒಂದು ಜಾಸ್ತಿ!” ಎಂದು ಕೂಗುತ್ತಿದ್ದರು. ಎಮ್ಮೆ ಮೇಯಿಸುವ ಲಕ್ಕಮ್ಮ ಇದನ್ನು ಕಲಿತು, ತನ್ನ ಎಮ್ಮೆ ಪಕ್ಕದ ರಾಗಿಹೊಲಕ್ಕೆ ಬಾಯಿ ಹಾಕಿದರೆ, “ಒಂದ್ ಜಾಸ್ತಿ ಕಣೇ ನಿಂಗೆ!” ಎಂದು ಬೆನ್ನಿಗೆರಡು ಬಿಡುತ್ತಿದ್ದಳು.

ಕಳೆದ ವರ್ಷ ರವೀಂದ್ರ ನಿವೃತ್ತರಾಗಿ ಚನ್ನರಾಯಪಟ್ಟಣಕ್ಕೇ ಬಂದು ಮನೆ ಮಾಡಿದ ಮೇಲೆ, ಭಾನುವಾರದ ಬೆಳಗ್ಗೆ ಇಬ್ಬರೂ ಆಡತೊಡಗಿದರು. ಮೇಷ್ಟ್ರ ಬದುಕಿನಲ್ಲಿ ಅಷ್ಟು ಸುಖದ ಭಾನುವಾರಗಳು ಹಿಂದೆ ಇರಲಿಲ್ಲ.

ಹೀಗಿರುವಾಗ ಜಿಲ್ಲೆಯ ಹಳೆಯ ಆಟಗಾರರ ಸಂಘದವರು ಆ ಫೈನಲ್ಲಿಗೆ ನಲವತ್ತು ವರ್ಷವಾಯಿತೆಂದು ಹಾಸನದಲ್ಲಿ ಸನ್ಮಾನ ಇಟ್ಟುಕೊಂಡರು. ಆಹ್ವಾನಪತ್ರಿಕೆ ಬಂತು. ಸನ್ಮಾನಿತರು: ‘ಶ್ರೀ ಪುಟ್ಟರಾಜು ಉರುಫ್ ಕೈಪುಟ್ಟ’. ಅನಸೂಯಮ್ಮ ಅದನ್ನು ಎರಡು ಸಲ ಓದಿದರು. “ಮದ್ವೆ ಪತ್ರಿಕೇಲಿ ಒಂದು ಬಿಟ್ಟು ಎಲ್ಲಾ ಕಡೆ ಇದೇ ಆಯ್ತು” ಎಂದು ಟೀವಿ ಮೇಲಿಟ್ಟರು.

ಸನ್ಮಾನಕ್ಕೆ ಒಂದು ವಾರ ಮುಂಚಿನ ಭಾನುವಾರ. ಮೂರನೆಯ ಗುಳಿಯ ಹತ್ತಿರ ರವೀಂದ್ರರ ಚೆಂಡು ಲಾಂಟಾನ ಪೊದೆಯ ಬುಡಕ್ಕೆ ಸೇರಿತು. ಅವರು ಆಚೆ ಈಚೆ ನೋಡಿ ಷೂವಿನ ತುದಿಯಿಂದ ಮೆಲ್ಲಗೆ ಹೊರಗೆ ತಳ್ಳಿದರು. ಆಚೆ ಈಚೆ ನೋಡಿದವರು ಮೇಲೆ ನೋಡಿರಲಿಲ್ಲ. ಬಂಡೆಯ ಮೇಲೆ ಲಕ್ಕಮ್ಮ ಕೂತಿದ್ದಳು.

“ಮೇಷ್ಟ್ರೇ, ಸಾಹೇಬ್ರು ಕಾಲಲ್ಲಿ ತಳ್ಳುದ್ರು! ಒಂದ್ ಜಾಸ್ತಿ!”

“ಸುಮ್ನಿರಮ್ಮ, ಎಮ್ಮೆ ನೋಡ್ಕೊ ಹೋಗು” ಎಂದು ರವೀಂದ್ರ ನಕ್ಕರು.

ಮೇಷ್ಟ್ರು ನಗಲಿಲ್ಲ. “ಲೇ ರವಿ, ಇಲ್ಲಿ ರೆಫ್ರಿ ಇಲ್ಲ ಕಣ್ಲಾ. ಅವರವರದ್ದು ಅವರೇ ಹೇಳ್ಕಬೇಕು. ಆಟ ಅಂದ್ರೆ ಅಷ್ಟೇಯ. ಅವತ್ತು ನಾನ್ ಹೇಳ್ಕಳಿಲ್ವಾ?”

“ಅಯ್ಯೋ, ಶುರು ಮಾಡ್ದಾ? ನಲವತ್ತು ವರ್ಷದಿಂದ ಅದೇ ಪುರಾಣ. ನೀನೇನ್ ಹೇಳ್ಕಂಡಿದ್ದು ಮಣ್ಣು? ಅದು ನಂದ್ ಕೈ ಕಣೋ.”

ಹೇಳಿದ ಮೇಲೆ ರವೀಂದ್ರರಿಗೇ ತಾವೇನು ಹೇಳಿದೆವೆಂದು ತಿಳಿದಂತಾಯಿತು. ಮೇಷ್ಟ್ರು ಕೋಲು ಊರಿಕೊಂಡು ನಿಂತರು.

“ಏನಂದೆ?”

“ನನ್ ಕೈಗೆ ತಾಗಿದ್ದು. ಆಮೇಲೆ ನನ್ ಮೊಣಕೈ ನಿನ್ ಕೈಗೆ ಬಡೀತು. ನೀನು ಕಣ್ ಮುಚ್ಕಂಡಿದ್ದೆ. ರೆಫ್ರಿ ಕೇಳುದ್ರು. ನಾನ್ ಬಾಯ್ ಬಿಡೋಕ್ ಮುಂಚೆ ನೀನೇ ಕೈ ಎತ್ಬುಟ್ಟೆ. ನಾನೇನ್ ಮಾಡ್ಲಿ ಹೇಳು?”

“ಆಮೇಲೆ ಬಿಡಬಹುದಿತ್ತಲ್ಲ ಬಾಯಿ? ನಲವತ್ತು ವರ್ಷ ಇತ್ತಲ್ಲ.”

“ಕೆಲಸ ಆಗೋಗಿತ್ತು ಕಣೋ. ಆಮೇಲೆ ನೀನೇ ಅದನ್ನ ಮಕ್ಕಳಿಗೆಲ್ಲ ಅಷ್ಟು ಚೆನ್ನಾಗಿ ಹೇಳ್ಕಂಡಿದ್ದೆ. ನಿನ್ ಕಥೆ ಯಾಕ್ ಹಾಳ್ ಮಾಡ್ಲಿ ಅಂತ…”

ಮೇಷ್ಟ್ರಿಗೆ ಕೆಲಸ ಹೋದದ್ದು ಅಷ್ಟು ನೋಯಲಿಲ್ಲ. ಅದು ಹೋಗಿ ಬಹಳ ಕಾಲವಾಗಿತ್ತು. ನೋಯಿಸಿದ್ದು ಆ ಕರ್ಚೀಫು. ಮೂವತ್ತನಾಲ್ಕು ವರ್ಷ ತಾವು ಎದೆಯುಬ್ಬಿಸಿ ಹೇಳಿದ ಆ ಒಂದು ತಪ್ಪೂ ತಮ್ಮದಲ್ಲ. ಇದು ಗೊತ್ತಿದ್ದ ಒಬ್ಬನೇ ಮನುಷ್ಯ ಎದುರಿಗೆ ಕೂತು ಕಣ್ಣೊರೆಸಿಕೊಂಡಿದ್ದ. ಒಳ್ಳೆಯ ಕೆಲಸದ ಕೀರ್ತಿ ಕಳವಾಗುವುದನ್ನು ಜನ ಕೇಳಿದ್ದಾರೆ. ತಪ್ಪೇ ಕಳವಾಗಿದೆ ಎಂದು ಯಾವ ಠಾಣೆಯಲ್ಲಿ ದೂರು ಕೊಡುವುದು?

ಮನೆಗೆ ಬಂದು ಅನಸೂಯಮ್ಮನಿಗೆ ಹೇಳಿದರು. ಆಕೆ ಅವರೆಕಾಯಿ ಸುಲಿಯುತ್ತಿದ್ದವರು ಮೊರ ಪಕ್ಕಕ್ಕೆ ಸರಿಸಿದರು. “ಕೈಪುಟ್ಟನ ಹೆಂಡ್ತಿ ಅನ್ನಿಸ್ಕಂಡು ನಾನು ಬಾಳಿದ್ದೀನಿ. ಗೋಮಾಳದಲ್ಲಿ ಎಮ್ಮೆ ಮುಂದೆ ಹೇಳುದ್ರೆ ಆಗಲ್ಲ. ಭಾನುವಾರ ಮೈಕಲ್ಲಿ ಹೇಳ್ಲಿ. ಕೇಳಿ ಅವರನ್ನ.”

ಮೇಷ್ಟ್ರು ಫೋನ್ ಮಾಡಿ ಕೇಳಿದರು. ಒಂದೇ ಮಾತು: ಆ ಕೈ ನನ್ನದು ಅಂತ ಜನರ ಮುಂದೆ ಹೇಳು. ರವೀಂದ್ರ ಒಂದಿಷ್ಟು ಕೆಮ್ಮಿ, “ಆಯ್ತು ಪುಟ್ಟ, ಹೇಳ್ತೀನಿ. ನಿನ್ನಾಣೆ” ಎಂದರು. ಆ ವಾರವೆಲ್ಲ ಮೇಷ್ಟ್ರು ಗೋಮಾಳಕ್ಕೆ ಹೋಗಲಿಲ್ಲ. ಬಿಳಿ ಷರ್ಟು ಇಸ್ತ್ರಿಗೆ ಕೊಟ್ಟರು, ತಂದರು, ಗೆರೆ ಸರಿಯಿಲ್ಲವೆಂದು ಮತ್ತೆ ಕೊಟ್ಟರು.

ಭಾನುವಾರ ಹಾಸನದ ಕಲ್ಯಾಣ ಮಂಟಪದಲ್ಲಿ ಮುನ್ನೂರು ಜನ. ಅರಕಲಗೂಡಿನ ಹಳೆಯ ತಂಡವೂ ಹೊಟ್ಟೆಗಳ ಸಮೇತ ಬಂದಿತ್ತು. ರವೀಂದ್ರ ಮೈಕಿನ ಮುಂದೆ ನಿಂತರು. ಆಟದ ಬಗ್ಗೆ, ಸ್ನೇಹದ ಬಗ್ಗೆ, ಕ್ರೀಡೆ ಕಲಿಸುವ ಪಾಠದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಮುಂದಿನ ಸಾಲಿನಲ್ಲಿ ಅನಸೂಯಮ್ಮ ಸೆರಗು ಸರಿಮಾಡಿಕೊಂಡು ಕಾದರು. ಕೊನೆಗೆ ಬಂತು.

“ನಲವತ್ತು ವರ್ಷದಿಂದ ಇವನನ್ನು ಕೈಪುಟ್ಟ, ಕೈಪುಟ್ಟ ಅಂತ ಕರೀತಾ ಬಂದಿದ್ದೀರಿ. ಇವತ್ತು ಈ ವೇದಿಕೆ ಮೇಲೆ ಒಂದು ಮಾತು ಹೇಳ್ತೀನಿ. ಆ ಕೈ ಇವನದಲ್ಲ. ಆ ಕೈ…” ರವೀಂದ್ರ ನಿಲ್ಲಿಸಿದರು. ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. “…ಆ ಕೈ ನಂದು ಅಂತಾನೇ ಅಂದ್ಕಳಿ!”

ಮಂಟಪ ಬಿದ್ದುಹೋಗುವಂಥ ಚಪ್ಪಾಳೆ. “ಗೆಳೆಯ ಅಂದ್ರೆ ಇಂಗಿರ್ಬೇಕು ನೋಡ್ಲಾ” ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಸಂಘದ ಕಾರ್ಯದರ್ಶಿ ಓಡಿಬಂದು, ಮೇಷ್ಟ್ರಿಗೆಂದು ತಂದಿದ್ದ ಎರಡು ಹಾರಗಳಲ್ಲಿ ಒಂದನ್ನು ರವೀಂದ್ರರಿಗೇ ಹಾಕಿಬಿಟ್ಟ. ‘ನಂದು’ ಎಂಬಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ‘ಅಂದ್ಕಳಿ’ ಎಂಬ ಪುಟ್ಟ ಬಾಲ ಅಂಟಿಸಿದ್ದೇ ತಡ, ನಿಜ ಹೋಗಿ ಔದಾರ್ಯವಾಯಿತು.

ಮೇಷ್ಟ್ರನ್ನು ಮಾತಾಡಲು ಕರೆದರು. ಅವರು ಎದ್ದು ಮೈಕು ಹಿಡಿದರು. ‘ನಿಜವಾಗಲೂ ಅವನದೇ’ ಎಂದು ಈಗ ಹೇಳಿದರೆ, ಇಷ್ಟು ದೊಡ್ಡ ಮನಸ್ಸಿನ ಗೆಳೆಯನ ಮೇಲೆ ತಪ್ಪು ಹೊರಿಸಿದ ಸಣ್ಣ ಮನುಷ್ಯ ಎನ್ನಿಸಿಕೊಳ್ಳುವುದು ಖಾತ್ರಿ. ಕೊನೆಗೆ, “ಒಂದು ಜಾಸ್ತಿ” ಎಂದಷ್ಟೇ ಹೇಳಿ ಕೂತರು. ಸನ್ಮಾನವೇ ಜಾಸ್ತಿಯಾಯಿತು ಎಂಬ ವಿನಯವೆಂದು ತಿಳಿದು ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಅನಸೂಯಮ್ಮ ಮಾತ್ರ ತಟ್ಟಲಿಲ್ಲ.

ಊಟದ ಮನೆಯ ಬಾಗಿಲಲ್ಲಿ ರವೀಂದ್ರ ಹಾರದ ಸಮೇತ ಅಡ್ಡ ಬಂದರು. “ಹೇಳ್ದೆ ನೋಡು, ಮಾತು ಉಳಿಸ್ಕಂಡೆ. ಸಮಾಧಾನ ಆಯ್ತಾ? ಕೈ ಕೊಡೋ!” ಎಂದು ಕೈ ಚಾಚಿದರು.

ಮೇಷ್ಟ್ರು ಆ ಕೈಯನ್ನು ನೋಡಿದರು. ಅಗಲವಾದ, ಚೊಕ್ಕಟವಾದ ಕೈ. “ನಾನ್ಯಾಕೆ ಕೊಡ್ಲಿ ರವಿ? ನೀನ್ ಕೊಟ್ಟಿದ್ದೇ ಇನ್ನೂ ಐತಲ್ಲ” ಎಂದು, ಊಟ ಮಾಡದೆ, ಹೆಂಡತಿಯೊಡನೆ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ಮರುದಿನವೇ ಗಾಲ್ಫ್ ಚೀಲ ಆಟೊದಲ್ಲಿ ಕೂತು ಚನ್ನರಾಯಪಟ್ಟಣಕ್ಕೆ ಹೋಯಿತು. ಒಂಬತ್ತರಲ್ಲಿ ಎಂಟು ಕೋಲು ಹೋದವು. ಒಂದನ್ನು, ಎಷ್ಟು ಪ್ರಯತ್ನಪಟ್ಟರೂ, ಮೇಷ್ಟ್ರಿಗೆ ಕಳಿಸಲಾಗಲಿಲ್ಲ. ಗೆಳೆಯನನ್ನು ಬಿಡಬಹುದು, ಆಟವನ್ನು ಬಿಡುವುದು ಹೇಗೆ?

ಈಗ ಅವರು ಒಬ್ಬರೇ ಆಡುತ್ತಾರೆ. ಮೊದಲ ದಿನ ಚೆಂಡು ಇಟ್ಟು, ಕೋಲು ಎತ್ತುವ ಮೊದಲೇ “ಒಂದು ಜಾಸ್ತಿ!” ಎಂದು ಕೂಗಿದರು.

ಬಂಡೆಯ ಮೇಲಿಂದ ಲಕ್ಕಮ್ಮ ಕೇಳಿದಳು: “ಇದ್ಯಾಕ್ ಮೇಷ್ಟ್ರೇ? ಇನ್ನೂ ಒಡ್ದೇ ಇಲ್ಲ!”

“ಕೋಲು ನಂದಲ್ಲ ಕಣವ್ವ. ಅದಕ್ಕೆ.”

ಲಕ್ಕಮ್ಮ ಬಂಡೆಯಿಂದ ಕೆಳಗಿಳಿದಳು. “ಅಂಗಾರೆ ಆ ಸಾಹೇಬ್ರಿಗೆ ಎಷ್ಟ್ ಜಾಸ್ತಿ?”

ಮೇಷ್ಟ್ರು ಚೆಂಡಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. “ಅದನ್ನ ಅವರೇ ಎಣುಸ್ಕಬೇಕು” ಎಂದರು.