ಬಲೆಗೆ ಅಂಟಿದ ಲೋಳೆ

ನಾವು ಮೀನು ತಿನ್ನುವವರಲ್ಲ. ಆದರೂ ಎರಡು ವರ್ಷದಿಂದ ಭಾನುವಾರ ಸಂಜೆ ಮೀನಿನ ಬಲೆ ತೊಳೆಯುವ ಕೆಲಸ ನನ್ನದು. ಗಾಳಕ್ಕೆ ಸಿಕ್ಕ ಮೀನನ್ನು ನೀರಿನಿಂದ ಎತ್ತಿಕೊಳ್ಳುವ ಕೈಬಲೆ ಅದು. ದೊಡ್ಡ ಜರಡಿಯ ಬಳೆಗೆ ನೂಲಿನ ಚೀಲ ಹೊಲಿದು ಉದ್ದನೆಯ ಹಿಡಿ ಹಾಕಿದಂತೆ ಇರುತ್ತದೆ. ನಮ್ಮ ಮನೆಯವರದು.

ಅವರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇಥ್ ಮಷಿನ್ ಮುಂದೆ ನಿಂತವರು. ಆ ಸದ್ದಿಗೆ ಕಿವಿ ಹೋದವು. ಕಿವಿಗೆ ಹಾಕಿಕೊಳ್ಳುವ ಮಷಿನ್ ತಂದೆವು. ಅದನ್ನು ಹಾಕಿಕೊಂಡರೆ ಕುಕ್ಕರಿನ ಸೀಟಿ ತಲೆಯೊಳಗೇ ಕೂಗುತ್ತದೆ ಎಂದು ಕಪಾಟಿನಲ್ಲಿ ಇಟ್ಟುಬಿಟ್ಟರು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಎಲ್ಲರೂ ಅವರ ಜೊತೆ ಕೂಗಿಯೇ ಮಾತಾಡಬೇಕಾಯಿತು. ಚಹಾ ಬೇಕೇ ಎಂದು ಕೂಗಿ ಕೇಳಿದರೂ ಬೈದಂತೆ ಕೇಳಿಸುತ್ತದೆ. ಬರಬರುತ್ತ ಅವರು ಉತ್ತರ ಕೊಡುವುದನ್ನೇ ಬಿಟ್ಟರು.

ಕಾರ್ಖಾನೆಯ ಗೆಳೆಯರೊಬ್ಬರಿಗೆ ಶಿರೂರಿನ ಕಡೆ ಹೊಲವಿದೆ. ಹೊಲದ ಹೊಂಡದಲ್ಲಿ ಅವರು ರೋಹು ಮೀನು ಬಿಟ್ಟಿದ್ದರು. ಒಂದು ಭಾನುವಾರ ಇವರನ್ನು ಕರೆದುಕೊಂಡು ಹೋಗಿ ಕೈಗೊಂದು ಗಾಳದ ಕೋಲು ಕೊಟ್ಟರು. ಅವತ್ತು ರಾತ್ರಿ ಊಟಕ್ಕೆ ಕೂತವರು ಒಂದು ತಾಸು ಮಾತಾಡಿದರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದೆ.

"ನೀರಿನ ದಂಡಿಗೆ ಯಾರೂ ನನ್ನ ಮುಂದ ಒದರಂಗಿಲ್ಲ ನೋಡು," ಎಂದರು.

ಮರುದಿನ ಸೋಮವಾರ. ಪೂಜೆಗೆ ಕೂತಾಗ ಶಿವನಿಗೆ ಬೇರೇನೂ ಬೇಡಲಿಲ್ಲ. ಕೊಟ್ಟೆಯಪ್ಪ, ಸಾಕು ಎಂದೆ.

ಇವರು ಎರೆಹುಳು ಮುಟ್ಟುವುದಿಲ್ಲ. ಗೋಧಿ ಹಿಟ್ಟಿಗೆ ಸೋಂಪು ಕುಟ್ಟಿ ಹಾಕಿ ನಾನೇ ನಾದಿ ಉಂಡೆ ಮಾಡಿ ಕೊಡುತ್ತೇನೆ. ಸಿಕ್ಕ ಮೀನನ್ನು ತಿರುಗಿ ನೀರಿಗೆ ಬಿಡುತ್ತಾರೆ. "ನಮಗ ದಪ್ಪ ದಪ್ಪ ರೊಟ್ಟಿ, ಮೀನಿಗೆ ಮೆತ್ತನ್ನ ಹಿಟ್ಟು. ಚಲೋ ಸೊಸಿ ಸಿಕ್ಕಾಳ ಮೀನಿಗೆ," ಎಂದು ನಮ್ಮ ಅತ್ತೆ ಅನ್ನುವುದುಂಟು. ಅಂದು ನಗುತ್ತಾರೆ.

ಆದರೆ ಈ ಬೇಸಿಗೆಯಲ್ಲಿ ಅವರ ನಗು ನಿಂತಿತು. ಈ ಮರಾಠಿ ಊರಿನ ಸದಾಶಿವ ಪೇಠದಲ್ಲಿರುವ ನಮ್ಮ ಮನೆ ಎರಡೇ ಕೋಣೆಯದು. ಬಲೆ ತೂಗುಹಾಕುವ, ಬೀದಿಯ ಕಡೆಗೆ ಚಾಚಿದ ಗ್ಯಾಲರಿಗೆ ತಾಗಿಯೇ ದೇವರ ಮೂಲೆ. ಎಷ್ಟು ನೀರು ಸುರಿದರೂ ಬಲೆಯ ಗಂಟುಗಂಟಿನಲ್ಲಿ ಮೀನಿನ ಲೋಳೆ ಉಳಿದು, ಬಿಸಿಲೇರಿದಂತೆ ನಾರತೊಡಗಿತು. ಒಂದು ಮುಂಜಾನೆ ಅತ್ತೆ ವಿಭೂತಿ ಹಚ್ಚಿಕೊಂಡು ಕೂತವರು ಎದ್ದುಬಿಟ್ಟರು.

"ಈ ವಾಸನಿ ಇರೂತನಕಾ ನಾ ಲಿಂಗ ಕೈಯಾಗ ಹಿಡಿಯಂಗಿಲ್ಲ. ಲಿಂಗಪೂಜಿ ಇಲ್ಲದ ಊಟಾನೂ ಮಾಡಂಗಿಲ್ಲ. ಈ ಮನ್ಯಾಗ ಆ ಬಲೀನರ ಇರಲಿ, ಇಲ್ಲಾ ನಾನರ ಇರ್ತೀನಿ."

ಬಲೆ ಹೋದರೆ ಇವರ ಭಾನುವಾರ ಹೋದಂತೆ, ಮಾತೂ ಹೋದಂತೆ. ತುಪ್ಪದ ಜಿಡ್ಡು ತೆಗೆಯುವ ಹಾಗೆ ಕುದಿಯುವ ನೀರಿಗೆ ಸೋಡಾ ಹಾಕಿ ಬಲೆಯನ್ನು ಅದ್ದಿದೆ. ನನ್ನ ಜಾಣತನ ಅಷ್ಟೇ. ಲೋಳೆ ಬಿಡುವುದಿರಲಿ, ಹಾಲಿನ ಕೆನೆ ಪಾತ್ರೆಗೆ ಹತ್ತಿ ಒಣಗಿದಂತೆ ಬೆಳ್ಳಗೆ ಗಟ್ಟಿಯಾಗಿ ಕೂತಿತು. ವಾಸನೆ ಎರಡು ಪಟ್ಟಾಯಿತು. ಅತ್ತೆ ಆ ದಿನ ಬರೀ ಹಾಲು ಕುಡಿದರು.

ಮರುದಿನವೇ ಬಸ್ಸು ಹತ್ತಿ ಊರಿನ ದಂಡು ಪ್ರದೇಶವಾದ ಕ್ಯಾಂಪಿಗೆ ಹೋದೆ. ಅಲ್ಲಿಯ ಹಳೆಯ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡದ್ದುಂಟು, ಮೀನಿನ ಸಾಲಿಗೆ ಕಾಲಿಟ್ಟವಳಲ್ಲ. ಮೂಗಿಗೆ ಸೆರಗು ಹಿಡಿದು, ಮನಸ್ಸಿನಲ್ಲಿ ಶಿವನ ಹೆಸರು ಹೇಳುತ್ತ ಒಬ್ಬ ಮೀನುಗಾರ್ತಿಯ ಮುಂದೆ ನಿಂತೆ. ನನ್ನ ವಯಸ್ಸಿನವಳೇ. ನಮ್ಮ ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಏನ ಕೊಡ್ಲಿ ಮಾವಶಿ? ಪಾಪ್ಲೇಟ ಮೀನ ತಾಜಾ ಅದ."

"ಮೀನ ಬ್ಯಾಡ. ಬಲಿಗೆ ಹತ್ತಿದ ಲೋಳಿ ತಗಿಯೂದು ಹ್ಯಾಂಗ, ಅದನ್ನ ಹೇಳ."

ಅವಳು ಪಕ್ಕದವಳ ಮುಖ ನೋಡಿ ನಕ್ಕಳು. "ಮೀನ ತಿನ್ನದ ಮನ್ಯಾಗ ಲೋಳಿ ಹ್ಯಾಂಗ ಬಂತು? ಬಿಸಿನೀರು ಹಾಕಿದಿ ಏನು?"

"ಹಾಕಿದೆ."

"ಅದನ್ನ ಬೇಯಿಸಿದಿ ಹಂಗಾರ. ಈಗ ತಣ್ಣೀರಾಗ ದಿನಪೂರ್ತಿ ನೆನಿಯಿಡು. ಮುಟಿಗಿ ಉಪ್ಪು ಹಾಕಿ ಎರಡೂ ಅಂಗೈ ನಡುವ ತಿಕ್ಕು. ನೆರಳಾಗ ಒಣಗಸು."

ಕೃತಜ್ಞತೆಗೋ ಜಂಬಕ್ಕೋ, ನಾನು ಒಂದು ಮಾತು ಹೆಚ್ಚಿಗೆ ಆಡಿದೆ. "ನಮ್ಮನಿಯವರು ಕೊಲ್ಲಂಗಿಲ್ಲ. ಹಿಡದು ಬಿಟ್ಟಬಿಡ್ತಾರ."

ಅವಳ ಕೈಯಲ್ಲಿದ್ದ ಕತ್ತಿ ನಿಂತಿತು. "ಲೋಳಿ ಸುಲಕೊಂಡು ಬಿಡ್ತಾರ ಅನ್ನು. ಅದು ಹೊಲಸಲ್ಲ ಮಾವಶಿ, ಮೀನಿನ ಮೈಮ್ಯಾಲಿನ ಅಂಗಿ. ಒಣಾ ಬಲಿಲೆ ಎತ್ತಿದ್ರ ಅರ್ಧ ಬಲಿಗೇ ಹತ್ತತದ. ಆಮ್ಯಾಲ ಮೈಗೆ ಬೂಷ್ಟು ಹಿಡದು ಸಾಯ್ತದ. ಮೊದಲ ಬಲಿ ತೋಯಿಸ್ಬೇಕು, ಕೈ ತೋಯಿಸ್ಬೇಕು. ಅದೂ ಆಗದಿದ್ರ ನಮ್ಹಂಗ ತಿಂದುಬಿಡೂದ ಪುಣ್ಯಾ."

ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಎರಡು ವಾರದ ಹಿಂದೆ ಇವರು ಹೇಳಿದ್ದರು: ಹೊಂಡದಲ್ಲಿ ಎರಡು ಮೀನು ಸತ್ತು ತೇಲಿದ್ದವು, ಮೈಮೇಲೆ ಹತ್ತಿ ಅಂಟಿದಂತೆ ಬಿಳಿ ಬಿಳಿ ಇತ್ತು, ಬಿಸಿಲಿಗೆ ಸತ್ತಿರಬೇಕೆಂದು ಗೆಳೆಯರು ಅಂದರು ಎಂದು.

ಉಪ್ಪು, ತಣ್ಣೀರಿಗೆ ಬಲೆ ಶುದ್ಧವಾಯಿತು. ಅತ್ತೆ ಬಂದು ಮೂಸಿ ನೋಡಿ ಪೂಜೆಗೆ ಕೂತರು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಯಿತ್ತು. ಎರಡು ದಿನ ಬಿಟ್ಟೆ ಕೂಡ. ಆದರೆ ಪ್ರಾಣಕ್ಕೆ ನೋವಾಗಬಾರದೆಂದು ಹುಳುವನ್ನೂ ಮುಟ್ಟದ ಮನುಷ್ಯನಿಗೆ ಗೊತ್ತಿದ್ದೂ ಹೇಳದೆ ಇದ್ದರೆ, ಯಾವ ಮುಖ ಇಟ್ಟುಕೊಂಡು ದೇವರ ಮುಂದೆ ಕೂರಲಿ?

ಇಂಥ ಮಾತನ್ನು ಮೆಲ್ಲಗೆ ಹೇಳಬೇಕು. ನಮ್ಮ ಮನೆಯಲ್ಲಿ ಮೆಲ್ಲಗೆ ಹೇಳುವ ಹಾಗಿಲ್ಲ. ಚೀಟಿಯಲ್ಲಿ ಬರೆದು ಕೊಡೋಣವೆಂದರೆ ಕಾರ್ಖಾನೆಯ ನೋಟೀಸಿನ ಹಾಗಾಗುತ್ತದೆ. ಕೊನೆಗೆ ಗ್ಯಾಲರಿಯಲ್ಲಿ ಅವರ ಪಕ್ಕ ನಿಂತು ಕೂಗಿಯೇ ಹೇಳಿದೆ. ಕೆಳಗಿನ ಕೋಚಿಂಗ್ ಕ್ಲಾಸಿನ ಹುಡುಗಿಯರು ತಲೆಯೆತ್ತಿ ನೋಡಿದರು. ಮೀನಿನ ಲೋಳೆ, ಒಣಗಿದ ಬಲೆ, ಬೂಷ್ಟು ಎಲ್ಲವನ್ನೂ ಆ ಹುಡುಗಿಯರೂ ಕೇಳಿಸಿಕೊಂಡರು.

"ಹಂಗಾರ ಆ ಎರಡು?" ಎಂದು ಇವರು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ. ಬಲೆ ತೋಯಿಸಿದರೆ ಆದೀತು ಎಂದು ಮತ್ತೆ ಕೂಗಿದೆ. ಅಷ್ಟರಲ್ಲಿ ಅವರು ಬೇರೆ ಕಡೆ ತಿರುಗಿದ್ದರು.

ಆ ಭಾನುವಾರ ಇವರು ಬಸ್ಸಿಗೆ ಏಳಲಿಲ್ಲ. ಮುಂದಿನ ಭಾನುವಾರವೂ ಇಲ್ಲ. "ಏನಪಾ, ನಿನ್ನ ಮೀನ ಇವತ್ತ ಉಪಾಸ ಏನು?" ಎಂದು ಅತ್ತೆ ಕೆಣಕಿದರು. ಇವರು ಪೇಪರಿನ ಹಾಳೆ ತಿರುವಿದರು. ಊಟ, ಪೇಪರು, ನಿದ್ದೆ. ಮೊದಲಿನ ಹಾಗೆಯೇ.

ಅತ್ತೆ ನನ್ನನ್ನು ಒಲೆಯ ಹತ್ತಿರ ಹಿಡಿದರು. "ನಾ ವಾಸನಿ ತಗಿ ಅಂದಿದ್ದೆ. ಅವನ ಮಾತು ತಗಿ ಅಂದಿದ್ದಿಲ್ಲ."

"ಹೇಳಬಾರದಿತ್ತೇನ್ರಿ ಅತ್ತಿ?"

ಅವರು ಒಲೆಯ ಉರಿ ಸಣ್ಣ ಮಾಡಿದರು. "ಹೇಳದ ಇದ್ದಿದ್ರ ನಿನಗ ಅನ್ನ ಇಳೀತಿದ್ದಿಲ್ಲ, ಗೊತ್ತದ ನನಗ. ಹೇಳಿದಿ, ಆತು. ಈಗ ನೀನೂ ಅವನ ಸಂಗಾಟ ಹೋಗು. ತೋಯಿಸಿ ಹಿಡದು ನೋಡ್ಲಿ. ನನ್ನ ಊಟದ ಚಿಂತಿ ಬಿಡು."

ಹಾಗೆ ನಾನು ಮೊದಲ ಸಲ ಆ ಹೊಂಡ ನೋಡಿದೆ. ಇವರು ಬರಲು ಒಪ್ಪಿದ್ದೇ ದೊಡ್ಡದು. ಬುತ್ತಿಯ ಜೊತೆ ಹಿಟ್ಟಿನ ಉಂಡೆಯೂ ಇತ್ತು. ದಂಡೆಯಲ್ಲಿ ಕೂತು ಬಲೆಯನ್ನು ಬಹಳ ಹೊತ್ತು ನೀರಲ್ಲಿ ಮುಳುಗಿಸಿ ಇಟ್ಟರು. ಮೊಣಕೈವರೆಗೆ ಕೈ ತೋಯಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಒಂದು ರೋಹು ಸಿಕ್ಕಿತು. ಬಲೆಯನ್ನು ನೀರಿನಿಂದ ಪೂರ್ತಿ ಎತ್ತದೆ, ಅರ್ಧ ನೀರಲ್ಲೇ ಹಿಡಿದು ಗಾಳ ಬಿಡಿಸಿದರು. ಮೀನು ಅವರ ಕೈಯಿಂದ ತಾನೇ ಜಾರಿ ಹೋಯಿತು.

ಆಮೇಲೆ ಬಲೆಯನ್ನು ನನ್ನ ಮುಂದೆ ಹಿಡಿದರು. ಒಳಗೆ ಅಂಗೈ ಆಡಿಸಿದೆ. ಎರಡು ವರ್ಷ ತೊಳೆದ ಕೈ ನನ್ನದು, ಸುಳ್ಳು ಹೇಳಲು ಬರುವುದಿಲ್ಲ. ಲೋಳೆ ಇತ್ತು, ಆದರೆ ಸ್ವಲ್ಪವೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೂಗಲಿಲ್ಲ ನಾನು. ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ಇಷ್ಟೇ ಎಂದು ತೋರಿಸಿದೆ.

ಅವರು ಗಾಳದ ದಾರ ಸುತ್ತತೊಡಗಿದರು.

"ದಿನಕ್ಕ ಒಂದ ಮೀನ ಸಾಕು," ಎಂದರು. "ಉಳದ ಹಿಟ್ಟು ಹಂಗ ಹಾಕೂಣು."

ಬುತ್ತಿ ಬಿಚ್ಚಿದೆ. ಒಂದು ತುತ್ತು ತಾವು ತಿಂದು, ಒಂದು ಚೂರು ಹಿಟ್ಟು ನೀರಿಗೆ ಎಸೆಯುತ್ತ, ಯಾವ ಮೀನು ದೊಡ್ಡದು, ಯಾವುದಕ್ಕೆ ಸೋಂಪು ಸೇರುತ್ತದೆ ಎಂದು ಹೇಳುತ್ತಲೇ ಹೋದರು. ನಾನು ನಡುವೆ ಬಾಯಿ ಹಾಕಲಿಲ್ಲ. ಶಿರೂರಿನಿಂದ ಹೊರಡುವ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.